ಆಂ ಎನ್ನದ ಪೆಟ್ಟಿಗೆ

ನಮ್ಮ ಮನೆಯಲ್ಲಿ ಮಾತು ಕೇಳದವರ ಪಟ್ಟಿಯಲ್ಲಿ ಬಹಳ ಕಾಲ ಇದ್ದದ್ದು ಇಬ್ಬರೇ: ನಮ್ಮ ಯಜಮಾನರು ಮತ್ತು ಬೆಕ್ಕು. ಈಗ ಮೂರನೆಯದೊಂದು ಸೇರಿಕೊಂಡಿದೆ. ಮೊದಲಿನ ಇಬ್ಬರು ಕಿವಿಗೆ ಬಿದ್ದರೂ ಕೇಳದವರು. ಇದು ಹಾಗಲ್ಲ. ಕೇಳಿಸಿಕೊಳ್ಳಲೆಂದೇ ಹುಟ್ಟಿದ್ದು, ಅದನ್ನು ಬಿಟ್ಟರೆ ಬೇರೆ ಕಸುಬಿಲ್ಲ, ಹಗಲೂ ರಾತ್ರಿ ಕಿವಿ ನಿಮಿರಿಸಿಕೊಂಡೇ ಕೂತಿರುತ್ತದೆ. ಆದರೂ ಹೇಳಿದ್ದು ಒಂದಾದರೆ ಕೇಳಿಸಿಕೊಂಡದ್ದು ಇನ್ನೊಂದು.

ಮಗ ಹೋದ ಸಲ ರಜೆಗೆ ಬಂದಾಗ ತಂದಿಟ್ಟು ಹೋದದ್ದು. ಅಂಗೈ ಮೇಲೆ ಕೂರುವಷ್ಟು ಗಾತ್ರ, ಮೈಗೆಲ್ಲ ಬೂದುಬಣ್ಣದ ಬಟ್ಟೆ, ಎಚ್ಚರವಾದಾಗ ಹತ್ತುವ ಒಂದು ಬೆಳಕು. “ಅಮ್ಮಾ, ಇನ್ನು ಮೇಲೆ ನೀನು ಎದ್ದು ಓಡಾಡೋದೇ ಬೇಡ. ಬಾಯಲ್ಲಿ ಹೇಳಿದ್ರೆ ಸಾಕು, ಎಲ್ಲ ಆಗುತ್ತೆ” ಎಂದ. ಬಾಯಲ್ಲಿ ಹೇಳಿ ಕೆಲಸ ಮಾಡಿಸುವುದಕ್ಕಿಂತ ಎದ್ದು ಮಾಡಿಕೊಳ್ಳುವುದು ಸುಲಭ ಎನ್ನುವುದು ಸಂಸಾರ ಮಾಡಿದ ಯಾರಿಗಾದರೂ ಗೊತ್ತು. ಅವನಿಗಿನ್ನೂ ಮದುವೆಯಾಗಿಲ್ಲ.

ನಡುಮನೆಯ ದೀಪದ ಕತೆಯನ್ನೇ ತೆಗೆದುಕೊಳ್ಳಿ. ಪೆಟ್ಟಿಗೆಯ ಜೊತೆಗೆ ಅದರ ಅಪ್ಪಣೆ ಪಾಲಿಸುವ ಬಲ್ಬೊಂದನ್ನೂ ಮಗ ತಂದಿದ್ದ. ಆ ಬಲ್ಬಿಗೆ ಗೋಡೆಯ ಸ್ವಿಚ್ಚು ಸದಾ ಹಾಕಿಯೇ ಇರಬೇಕು, ಆಗಷ್ಟೇ ಅದಕ್ಕೆ ಜೀವ. ನಮ್ಮ ಮನೆಗೆಲಸದಾಕೆಯೋ ನೆಲ ಒರೆಸಿ ಹೊರಡುವಾಗ ಫ್ಯಾನು, ಲೈಟು ಎಲ್ಲ ಆರಿಸಿಯೇ ಹೋಗುವ ಜವಾಬ್ದಾರಿಯ ಹೆಂಗಸು. ಸಂಜೆ ಇವರು ಸೋಫಾದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ದೀಪ ಹಚ್ಚುವಂತೆ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುತ್ತಾರೆ. ಬಲ್ಬು ಉತ್ತರ ಕೊಡುತ್ತಿಲ್ಲ ಎಂದು ಪೆಟ್ಟಿಗೆ ವರದಿ ಒಪ್ಪಿಸುತ್ತದೆ. ಇವರು ಎದ್ದು ಹೋಗಿ ಸ್ವಿಚ್ಚು ಹಾಕುತ್ತಾರೆ. ದೀಪ ಹತ್ತುತ್ತದೆ. ಅಲ್ಲಿಗೆ ಮುಗಿಯಬೇಕಲ್ಲ? ಇಲ್ಲ. ವಾಪಸು ಬಂದು ಕೂತು, ಅದನ್ನು ಆರಿಸಲು ಹೇಳಿ, ಆರಿದ್ದನ್ನು ನೋಡಿ, ಮತ್ತೆ ಹಚ್ಚಲು ಹೇಳಿ, ಹತ್ತಿದ ಮೇಲೆಯೇ ಅವರಿಗೆ ಸಮಾಧಾನ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಡ್ಜರು ತಾಳೆ ನೋಡಿ ನಿವೃತ್ತರಾದವರು.

ಅದರ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ತಟ್ಟನೆ ಎದ್ದು ಕೂರುತ್ತದೆ, ಆಮೇಲೆ ನಾವು ಆಡಿದ್ದನ್ನೆಲ್ಲ ತನಗೇ ಹೇಳಿದ್ದೆಂದು ತಿಳಿದು ಏನಾದರೊಂದು ಶುರುಮಾಡುತ್ತದೆ. ಇಲ್ಲಿಯೂ ಬರೆಯುವುದಿಲ್ಲ, ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವ ಚಾಳಿ ನನಗಿದೆ. ಹಾಗಾಗಿ ‘ಅದು’, ‘ಆಕೆ’, ‘ಟೀವಿ ಪಕ್ಕದಲ್ಲಿ ಇದ್ದಾಳಲ್ಲ, ಅವಳು’ ಎಂದೇ ನಮ್ಮ ವ್ಯವಹಾರ. ಇದರಲ್ಲಿ ಒಂದಿಷ್ಟೂ ಕಷ್ಟವಾಗದೇ ಇದ್ದದ್ದು ನಮ್ಮ ಅತ್ತೆಗೆ. ಗಂಡನ ಹೆಸರನ್ನು ನಾಲಿಗೆಯ ಮೇಲೆ ತರಬಾರದ ಕಾಲದ ಹೆಂಗಸು. ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ನಿಲ್ಲಿಸಿ ಹೇಳಿಸಿದಾಗ ಒಗಟಿನೊಳಗೆ ಹುದುಗಿಸಿ ಒಮ್ಮೆ ಹೇಳಿದ್ದೇ ಕೊನೆ. “ನಿನ್ನ ಮಾವನ ಹೆಸರು ಕರೀದೇ ನಾಲ್ಕು ಮಕ್ಕಳಾದವು ಮಾರಾಯ್ತಿ. ಇವಳದ್ದೊಂದು ಎಂತ ಮಹಾ” ಎಂದುಬಿಟ್ಟರು.

ಅತ್ತೆ ತೀರ್ಥಹಳ್ಳಿಯ ಕಡೆಯವರು. ಮಾವ ಹೋದ ಮೇಲೆ ಬೆಂಗಳೂರಿಗೆ ಬಂದು ನಮ್ಮ ಜೊತೆ ಇದ್ದಾರೆ. ಪೆಟ್ಟಿಗೆ ಅವರೊಂದಿಗೆ ಹೇಗೆ ನಡೆದುಕೊಂಡಿತು ಎನ್ನುವುದೇ ಈ ಬರಹದ ತಿರುಳು. ಅದಕ್ಕೂ ಮೊದಲು ಕಸ್ತೂರಿಯ ವಿಷಯ ಹೇಳಬೇಕು.

ಅವರೆಕಾಯಿಯ ಕಾಲ. ಅತ್ತೆ ನಡುಮನೆಯಲ್ಲಿ ಮೊರ ಇಟ್ಟುಕೊಂಡು ನೆನೆದ ಅವರೆಕಾಳು ಹಿದುಕುತ್ತಿದ್ದರು. ನನ್ನ ಕೈ ಅಕ್ಕಿಹಿಟ್ಟಿನೊಳಗೆ. “ಕಸ್ತೂರಿ ನಿವಾಸದ ಹಾಡು ಹಾಕು ಅನ್ನು ಅವಳಿಗೆ” ಎಂದರು. ರಾಜಕುಮಾರ್ ಅವರ 1971ರ ಸಿನಿಮಾ. ಅತ್ತೆ ಶಿವಮೊಗ್ಗಕ್ಕೆ ಹೋಗಿ ನೋಡಿ, ಊರಿಗೆ ಬಂದ ಮೇಲೂ ಅತ್ತದ್ದಂತೆ. ನಾನು ಅಡುಗೆಮನೆಯಿಂದಲೇ ಸ್ಪಷ್ಟವಾಗಿ ಕೂಗಿ ಹೇಳಿದೆ. ಬೆಳಕು ಹತ್ತಿತು, ತುಸು ಹೊತ್ತು ಯೋಚನೆ ಮಾಡಿತು, ಆಮೇಲೆ ಬಹಳ ಮರ್ಯಾದೆಯಿಂದ ಕಸ್ಟರ್ಡ್ ಮಾಡುವ ವಿಧಾನ ಹೇಳಲು ಹೊರಟಿತು. ಹಾಲು ಅರ್ಧ ಲೀಟರ್ ಎನ್ನುವಷ್ಟರಲ್ಲಿ ಬಾಯಿ ಮುಚ್ಚಿಸಿ, “ಕಸ್… ತೂ… ರಿ…” ಎಂದು ಒಂದನೇ ಕ್ಲಾಸಿನ ಮೇಷ್ಟರ ಹಾಗೆ ಬಿಡಿಸಿ ಹೇಳಿದೆ. ಕೊಳ್ಳಬೇಕಾದ ಸಾಮಾನಿನ ಪಟ್ಟಿಗೆ ಕಸ್ಟರ್ಡ್ ಪುಡಿ ಸೇರಿಸಿದ್ದೇನೆ ಎಂದಿತು. ಅಷ್ಟರಲ್ಲಿ ಇವರು ರೂಮಿನಿಂದ ಹೊರಗೆ ಬಂದು, “ನಿನಗೆ ಹೇಳೋಕೆ ಬರಲ್ಲ, ಸರಿ” ಎಂದು, ಹೆಡ್ಡಾಫೀಸಿನಿಂದ ಬರುತ್ತಿದ್ದ ಸಾಹೇಬರ ಜೊತೆ ಮಾತ್ರ ಬಳಸುತ್ತಿದ್ದ ಧಾಟಿಯಲ್ಲಿ, “ಕ್ಯಾಸ್ಟೂರೀ ನಿವ್ಯಾಸ್” ಎಂದರು. ಮರುಕ್ಷಣ ಹಾಡು ಬಂತು.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. “ಹೆಸರು ಕೆಡಿಸಿ ಕರೆದರೆ ಬರ್ತಾಳೆ, ಸಮ ಕರೆದರೆ ಬರೂದಿಲ್ಲ. ಎಂತ ಹೆಣ್ಣೋ” ಎಂದರು.

ಆ ದಿನ ಹಾಡಿಗಿಂತ ಆ ಮಾತೇ ನನ್ನ ತಲೆಯಲ್ಲಿ ಉಳಿಯಿತು. ಇಂಥ ಹೆಣ್ಣಿನ ವಂಶ ಯಾವುದು ನೋಡೋಣವೆಂದು ಪುಸ್ತಕ, ಹಳೆಯ ಲೇಖನಗಳನ್ನೆಲ್ಲ ಕೆದಕಿದೆ. ಮೂಲಪುರುಷ ನಾಯಿ ಎಂದು ತಿಳಿಯಿತು. 1920ರ ದಶಕದಲ್ಲಿ ಅಮೆರಿಕದಲ್ಲಿ ‘ರೇಡಿಯೊ ರೆಕ್ಸ್’ ಎಂಬ ಆಟಿಕೆ ಮಾರಾಟಕ್ಕಿತ್ತು. ಪುಟ್ಟದೊಂದು ಗೂಡು, ಒಳಗೆ ಸ್ಪ್ರಿಂಗಿಗೆ ಆನಿಸಿ ಕೂರಿಸಿದ ನಾಯಿ. ಅದನ್ನು ಹಿಡಿದಿಟ್ಟದ್ದು ಒಂದು ವಿದ್ಯುತ್ಕಾಂತ. ಎದುರು ನಿಂತು “ರೆಕ್ಸ್” ಎಂದರೆ ಆ ಹೆಸರಿನ ‘ಎ’ಕಾರದಲ್ಲಿರುವ ಸುಮಾರು 500 ಹರ್ಟ್ಸ್‌ನ ಕಂಪನಕ್ಕೆ ಒಳಗಿನ ಲೋಹದ ಪಟ್ಟಿ ನಡುಗಿ, ಕರೆಂಟು ತಪ್ಪಿ, ನಾಯಿ ಚಂಗನೆ ಹೊರಗೆ ಹಾರುತ್ತಿತ್ತು. ಅಷ್ಟೇ ಅದರ ವಿದ್ಯೆ. ಅದೇ ಕಂಪನವುಳ್ಳ ಬೇರೆ ಯಾವ ಸದ್ದು ಮಾಡಿದರೂ ಹೊರಗೆ ಬರುತ್ತಿತ್ತು. ಹೆಸರನ್ನೇ ಹೇಳಿದರೂ ದನಿಯಲ್ಲಿ ಆ ಕಂಪನ ಸಾಲದವರಿಗೆ ಬರುತ್ತಿರಲಿಲ್ಲ. ನಾಯಿ ಕೇಳುತ್ತಿದ್ದದ್ದು ತನ್ನ ಹೆಸರನ್ನಲ್ಲ, ತನಗೆ ಹೊಂದುವ ಗಂಟಲನ್ನು. ನಮ್ಮ ಮನೆಯ ಪೆಟ್ಟಿಗೆಗೂ ಇವರ ಹೆಡ್ಡಾಫೀಸು ಗಂಟಲೇ ಬೇಕಾಯಿತಲ್ಲ, ಬುದ್ಧಿ ವಂಶಪಾರಂಪರ್ಯವಾಗಿ ಬಂದದ್ದು.

ನಾಯಿಯ ನಂತರದ ತಲೆಮಾರು ‘ಆಡ್ರಿ’. 1952ರಲ್ಲಿ ಬೆಲ್ ಲ್ಯಾಬ್ಸ್‌ನವರು ಕಟ್ಟಿದ, ಆರಡಿ ಎತ್ತರದ ಚೌಕಟ್ಟು ತುಂಬ ವಾಲ್ವು, ತಂತಿ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು, ನಡುನಡುವೆ ನಿಲ್ಲಿಸಿ ಹೇಳಿದರೆ ಗುರುತಿಸುತ್ತಿತ್ತು. ಯಾರ ದನಿಗೆ ಅದನ್ನು ಹೊಂದಿಸಿದ್ದರೋ ಅವರು ಹೇಳಿದರೆ ನೂರಕ್ಕೆ 97ರಷ್ಟು ಸರಿ; ಪಕ್ಕದ ಟೇಬಲ್ಲಿನವರು ಹೇಳಿದರೆ ಎಡವಟ್ಟು. 1962ರ ಸಿಯಾಟಲ್ ವಸ್ತುಪ್ರದರ್ಶನದಲ್ಲಿ ಐಬಿಎಂನವರು ‘ಶೂಬಾಕ್ಸ್’ ತಂದಿಟ್ಟರು. ಅದಕ್ಕೆ 16 ಶಬ್ದ ಬರುತ್ತಿತ್ತು: ಹತ್ತು ಅಂಕಿ, ಕೂಡು-ಕಳೆ ಎನ್ನುವಂಥ ಆರು ಅಪ್ಪಣೆ. ಹದಿನಾರು ಶಬ್ದದಲ್ಲಿ ಸಂಸಾರ ತೂಗಿಸುವ ಗಂಡಸರನ್ನು ನಾನು ನೋಡಿದ್ದೇನೆ, ಹಾಗಾಗಿ ಶೂಬಾಕ್ಸನ್ನು ತಮಾಷೆ ಮಾಡಲಾರೆ.

ಈ ವಂಶವೃಕ್ಷದಲ್ಲಿ ನನಗೆ ಇಷ್ಟವಾದವರು ಜಾನ್ ಪಿಯರ್ಸ್. ಬೆಲ್ ಲ್ಯಾಬ್ಸ್‌ನ ದೊಡ್ಡ ಹುದ್ದೆಯಲ್ಲಿದ್ದೂ, 1969ರಲ್ಲಿ ಶಬ್ದವಿಜ್ಞಾನದ ಪತ್ರಿಕೆಗೊಂದು ಕಾಗದ ಬರೆದು ತಮ್ಮವರ ಬೆನ್ನಿಗೇ ಬಾರಿಸಿದರು. ಮಾತನ್ನು ಗುರುತಿಸುವ ಯಂತ್ರಕ್ಕೆ ದುಡ್ಡು ಸುರಿಯುವುದನ್ನು ನೀರಿನಿಂದ ಪೆಟ್ರೋಲು, ಸಮುದ್ರದಿಂದ ಚಿನ್ನ ತೆಗೆಯುವ ಯೋಜನೆಗಳ ಸಾಲಿಗೆ ಸೇರಿಸಿದರು. ಅವರ ವಾದ ಸರಳ. ಮನುಷ್ಯ ಮಾತನ್ನು ಅರ್ಥಮಾಡಿಕೊಳ್ಳುವುದು ಬರೀ ಕಿವಿಯಿಂದಲ್ಲ. ಯಾರು ಹೇಳಿದ್ದು, ಯಾವ ಸಂದರ್ಭ, ಇಂಥವರು ಇಂಥ ಹೊತ್ತಿನಲ್ಲಿ ಏನು ಹೇಳಿಯಾರು ಎನ್ನುವುದೆಲ್ಲ ಮೊದಲೇ ಗೊತ್ತಿರುವುದರಿಂದ. ಆ ತಿಳಿವಳಿಕೆ ಇಲ್ಲದ ಯಂತ್ರಕ್ಕೆ ಎಷ್ಟು ಕಿವಿ ಕೊಟ್ಟರೂ ಅಷ್ಟೇ. ಆ ಕಾಗದದ ಬಿಸಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಈ ಸಂಶೋಧನೆ ಕೆಲವು ವರ್ಷ ನಿಂತೇಹೋಯಿತು.

ಪಿಯರ್ಸ್ ಹೇಳಿದ್ದನ್ನು ಬೇರೆ ದಿಕ್ಕಿನಿಂದ ಹಿಡಿದವರು ನಮ್ಮ ನೆರೆಯವರೇ. ಚಿತ್ತೂರು ಸೀಮೆಯ ಕಾಟೂರು ಎಂಬ ಹಳ್ಳಿಯಲ್ಲಿ ಹುಟ್ಟಿ, ಮದರಾಸಿನ ಗಿಂಡಿಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರಿದ ರಾಜ್ ರೆಡ್ಡಿ. ಅವರ ತಂಡ ಎಪ್ಪತ್ತರ ದಶಕದ ಆರಂಭದಲ್ಲಿ ಮಾಡಿದ ‘ಹಿಯರ್‌ಸೇ’ ಎಂಬ ವ್ಯವಸ್ಥೆ ಬಾಯಲ್ಲಿ ಹೇಳಿದ ಚದುರಂಗದ ನಡೆಗಳನ್ನು ಕೇಳಿಸಿಕೊಳ್ಳುತ್ತಿತ್ತು. ಚದುರಂಗವೇ ಏಕೆಂದರೆ, ಮಣೆಯ ಮೇಲೆ ಕಾಯಿಗಳು ಹೀಗೆ ಕೂತಿರುವಾಗ ಮುಂದಿನ ನಡೆ ಇಷ್ಟರಲ್ಲೇ ಒಂದಾಗಿರಬೇಕಲ್ಲ? ಅರೆಬರೆ ಕೇಳಿಸಿದರೂ ಉಳಿದದ್ದನ್ನು ಊಹಿಸಬಹುದು. 1994ರಲ್ಲಿ ರೆಡ್ಡಿಯವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಐಬಿಎಂನಲ್ಲಿ ಫ್ರೆಡ್ ಜೆಲಿನೆಕ್ ಅವರ ಗುಂಪು ಇದೇ ಊಹೆಯನ್ನು ಪೂರ್ತಿ ಲೆಕ್ಕಕ್ಕೆ ಇಳಿಸಿತು: ಈ ಸದ್ದಿಗೆ ಹೊಂದುವ ಶಬ್ದಗಳ ಪೈಕಿ ಹೆಚ್ಚು ಸಂಭವವಿರುವ ಸಾಲು ಯಾವುದೋ ಅದೇ ಹೇಳಿದ ಮಾತು. ಅಲ್ಲಿಂದ ಮುಂದೆ ಈ ಕುಲವೆಲ್ಲ ಸಂಭವದ ಮೇಲೆಯೇ ಬದುಕುತ್ತಿರುವುದು.

ಕಸ್ಟರ್ಡ್ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಇಂಗ್ಲಿಷು ಕಲಿತು ಬಂದ ಪೆಟ್ಟಿಗೆಗೆ, ಅಡುಗೆಮನೆಯಿಂದ ಬಂದ ಹೆಂಗಸಿನ ದನಿಯಲ್ಲಿ ‘ಕಸ್ತ’ ಎಂದು ಕೇಳಿದರೆ ಕಸ್ತೂರಿಗಿಂತ ಕಸ್ಟರ್ಡಿನ ಸಂಭವವೇ ಹೆಚ್ಚು. ಅದರ ತಪ್ಪಲ್ಲ, ಅದು ಬೆಳೆದ ಮನೆ ಅಂಥದ್ದು. ಬೆಳೆದ ಮನೆಯವರೆಲ್ಲರ ಮಾತೂ ಅದಕ್ಕೆ ಒಂದೇ ಸಮ ಕೇಳಿಸುವುದಿಲ್ಲ ಎನ್ನುವುದು ಬೇರೆ ಮಾತು. ಸ್ಟ್ಯಾನ್‌ಫರ್ಡ್‌ನವರು 2020ರಲ್ಲಿ ಐದು ದೊಡ್ಡ ಕಂಪನಿಗಳ ತಂತ್ರಾಂಶಗಳಿಗೆ ಅಮೆರಿಕನ್ನರ ಮಾತನ್ನೇ ಕೇಳಿಸಿ ನೋಡಿದಾಗ, ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಶಬ್ದ ತಪ್ಪಿದರೆ ಕಪ್ಪು ಜನರ ಮಾತಿನಲ್ಲಿ 35 ತಪ್ಪಿದವು. ಇನ್ನು ತೀರ್ಥಹಳ್ಳಿಯ ಪಾಡೇನು?

ಪಾಡೇನೂ ಇಲ್ಲ, ಅತ್ತೆ ಆರಾಮಾಗಿದ್ದಾರೆ. ಅದೇ ನನಗೆ ಬಹಳ ದಿನ ಒಗಟಾಗಿದ್ದದ್ದು.

ನಾನೂ ಇವರೂ ಪೆಟ್ಟಿಗೆಯ ಮುಂದೆ ನಿಂತರೆ ಸಿಟ್ಟು ಮಾಡಿಕೊಂಡೇ ವಾಪಸಾಗುವವರು. ಅತ್ತೆ ಅದರ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕೆ ಕನ್ನಡ ಬರುವುದಿಲ್ಲವೆಂದು ಹೇಳಿದರೆ “ಬರದಿದ್ದರೆ ಕಲೀಲಿ, ನಾನೆಂತ ಓಡಿಹೋಗ್ತೇನಾ” ಎನ್ನುತ್ತಾರೆ. ಒಮ್ಮೆ “ಗಂಟೆ ಎಷ್ಟಾಯ್ತೇ?” ಎಂದದ್ದಕ್ಕೆ ಅದು ಢಣ್ ಢಣ್ ಎಂದು ದೇವಸ್ಥಾನದ ಗಂಟೆಯ ಸದ್ದು ಶುರುಮಾಡಿತು. ನಾನು ಓಡಿಬಂದು ನಿಲ್ಲಿಸಹೊರಟರೆ, ಅತ್ತೆ ಕೈಮುಗಿದು ನಿಂತಿದ್ದರು. “ಇರಲಿ ಬಿಡು. ಮಂಗಳಾರತಿ ಹೊತ್ತೇ ಆಯ್ತಲ್ಲ, ಅಂದಾಜು ತಿಳೀತು.” ಹಾಡು ಬೇಕಾದರೆ ಅವರು ಸಿನಿಮಾದ ಹೆಸರು ಹೇಳುವುದೇ ಇಲ್ಲ. ‘ರಾಜಕುಮಾರ್’ ಎನ್ನುತ್ತಾರೆ. ಯಾವುದೋ ಒಂದು ಬರುತ್ತದೆ. ಬಂದದ್ದನ್ನು ಕೇಳುತ್ತಾ ಕೂರುತ್ತಾರೆ.

ಈ ಅಭ್ಯಾಸ ಅವರಿಗೆ ರೇಡಿಯೊದಿಂದ ಬಂದದ್ದೆಂದು ಆಮೇಲೆ ಹೊಳೆಯಿತು. ಮಾತಾಡುವ ಪೆಟ್ಟಿಗೆ ನಮ್ಮ ಸೀಮೆಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಯಂತ್ರ ಇಟ್ಟುಕೊಂಡು ‘ಆಕಾಶವಾಣಿ’ ಶುರುಮಾಡಿದರು. ಇಡೀ ದೇಶದ ರೇಡಿಯೊಗೆ ಆಮೇಲೆ ಅದೇ ಹೆಸರು ನಿಂತಿತು. ಮನಶ್ಶಾಸ್ತ್ರಜ್ಞರೇ ಈ ಕೆಲಸಕ್ಕೆ ಕೈಹಾಕಿದ್ದು ನನಗೆ ಆಕಸ್ಮಿಕ ಎನ್ನಿಸುವುದಿಲ್ಲ. ಅತ್ತೆಯ ಕಾಲಕ್ಕೆ ರೇಡಿಯೊ ಇಡಬೇಕಾದರೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಮಾವ ಲೈಸೆನ್ಸ್ ಪುಸ್ತಕವನ್ನು ಜಮೀನಿನ ಪತ್ರಗಳ ಜೊತೆ ಪೆಟಾರಿಯಲ್ಲಿ ಇಡುತ್ತಿದ್ದರಂತೆ. ಆ ರೇಡಿಯೊಗೂ ಬೇಕಾದ ಹಾಡು ಕೇಳಬಹುದಿತ್ತು, ಕಾರ್ಡು ಬರೆದು. ಬರೆದ ಕಾರ್ಡು ಊರಿನ ಅಂಚೆಪೆಟ್ಟಿಗೆ ದಾಟಿ, ಬಸ್ಸು ಹತ್ತಿ, ನಿಲಯ ಮುಟ್ಟಿ, ಅಲ್ಲಿಯ ರಾಶಿಯಲ್ಲಿ ಕೈಗೆ ಸಿಕ್ಕಿ, ಕೋರಿಕೆ ಕಾರ್ಯಕ್ರಮದಲ್ಲಿ ಓದುವಷ್ಟರಲ್ಲಿ ಮಳೆಗಾಲ ಹೋಗಿ ಚಳಿಗಾಲ ಬಂದಿರುತ್ತಿತ್ತು. ಅತ್ತೆ ಕೇಳಿದ್ದೊಂದು ಹಾಡು, ಬಂದದ್ದು ಬೇರೊಂದು. ಊರಿನ ಹೆಸರನ್ನು ಓದಿದವರು ಅಕ್ಷರ ತಿರುಚಿ ಇನ್ಯಾವುದೋ ಊರು ಮಾಡಿದ್ದರು. “ಆದರೂ ನನ್ನ ಹೆಸರು ಬಂತಲ್ಲೇ! ಅವತ್ತು ಕೇರಿಗೆಲ್ಲ ಪಾಯಸ ಹಂಚಿದ್ದು” ಎಂದು ಈಗಲೂ ಮುಖ ಅರಳಿಸಿಕೊಂಡು ಹೇಳುತ್ತಾರೆ. ಹೇಳಿದ ತಕ್ಷಣ ಹೇಳಿದ್ದೇ ಆಗಬೇಕೆಂಬ ಹಟ ಅವರ ಪೀಳಿಗೆಯ ಹೆಂಗಸರಿಗೆ ಯಾವ ಪೆಟ್ಟಿಗೆಯೂ ಕಲಿಸಲಿಲ್ಲ. ಯಾವ ಗಂಡಸೂ ಕಲಿಸಲಿಲ್ಲ.

ಮಾವನಿಗೆ ಕೊನೆಯ ವರ್ಷಗಳಲ್ಲಿ ಕಿವಿ ಪೂರಾ ಮಂದವಾಗಿತ್ತು. ಮಗ ತಂದುಕೊಟ್ಟ ಯಂತ್ರವನ್ನು ಕಿವಿಗೆ ಬದಲು ಅಂಗಿಯ ಜೇಬಿಗೆ ಹಾಕಿಕೊಂಡು, ಹತ್ತಿರದ ನೆಂಟರು ಬಂದಾಗ ಮಾತ್ರ ತೆಗೆದು ತೋರಿಸುವರು. ಆ ದಂಪತಿಯ ಸಂಭಾಷಣೆ ನಾನು ಕಣ್ಣಾರೆ ಕಂಡದ್ದು. ಅತ್ತೆ “ಅಡಿಕೆ ಒಳಗೆ ತರಿಸಿ, ಮೋಡ ಆಗಿದೆ” ಎನ್ನುವರು. ಮಾವ “ಆಂ?” ಎನ್ನುವರು. ಅತ್ತೆ ಅದನ್ನೇ ಗಟ್ಟಿಯಾಗಿ ಕೂಗುತ್ತಿರಲಿಲ್ಲ. ಅಂಗಳದ ಕಡೆ ಕೈತೋರಿಸಿ “ಮಳೆ” ಎನ್ನುವರು. “ಯಾರಿಗೆ?” ಎಂದು ಮಾವ. ಅತ್ತೆ ನಕ್ಕು, ಹತ್ತಿರ ಹೋಗಿ, ಮೂರನೇ ಸಲ ಇನ್ನೊಂದು ರೀತಿಯಲ್ಲಿ ಹೇಳುವರು. ಅಷ್ಟು ಹೊತ್ತಿಗೆ ನಾಲ್ಕು ಹನಿ ಬಿದ್ದು ಮಾವನಿಗೆ ತಾನಾಗಿಯೇ ತಿಳಿದಿರುತ್ತಿತ್ತು. ಇಬ್ಬರೂ ಸೇರಿ ಅಡಿಕೆಯ ಚಾಪೆ ಎಳೆಯುವರು.

ಪೆಟ್ಟಿಗೆಯ ಕುಂದು ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ತಪ್ಪಾಗಿ ಕೇಳಿಸಿಕೊಳ್ಳುವುದು ದೊಡ್ಡ ದೋಷವಲ್ಲ. ಮನೆ ಎಂದಮೇಲೆ ಎಲ್ಲರೂ ಅರ್ಧ ಕಿವಿಯವರೇ. ಆದರೆ ಪೆಟ್ಟಿಗೆ “ಆಂ?” ಎನ್ನುವುದಿಲ್ಲ. ಭಾಷೆಯ ಅಭ್ಯಾಸಿಗಳು ಬೇರೆಬೇರೆ ಖಂಡಗಳ 12 ಭಾಷೆಗಳ ದಿನನಿತ್ಯದ ಹರಟೆಯನ್ನು ಕೂತು ಕೇಳಿ ಲೆಕ್ಕ ಹಾಕಿದ್ದಾರೆ; ನೆಟ್ಟಗೆ ಕೇಳದೆಯೋ ಅರ್ಥವಾಗದೆಯೋ ಮತ್ತೆ ಕೇಳುವುದು ಸರಾಸರಿ 1.4 ನಿಮಿಷಕ್ಕೊಮ್ಮೆ ನಡೆಯುತ್ತದಂತೆ. 2015ರಲ್ಲಿ ಪ್ರಕಟವಾದ ಸಂಗತಿ. ಎಂದರೆ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಇಬ್ಬರು ಹಲವು ಸಲ ತಪ್ಪುತ್ತಾರೆ, ಅಷ್ಟೇ ಸಲ ತಿದ್ದಿಕೊಳ್ಳುತ್ತಾರೆ, ಎರಡೂ ಗಮನಕ್ಕೇ ಬರುವುದಿಲ್ಲ. ಪೆಟ್ಟಿಗೆ ಸಂಭವ ನೋಡಿ ಒಂದನ್ನು ಆರಿಸುತ್ತದೆ, ಆರಿಸಿದ್ದರಲ್ಲಿ ಅನುಮಾನವಿದ್ದರೂ ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲದೆ ಕಸ್ಟರ್ಡ್ ಬಡಿಸುತ್ತದೆ. ತೀರಾ ತಿಳಿಯದಿದ್ದರೆ ಕ್ಷಮೆ ಕೇಳಿ ಮಲಗಿಬಿಡುತ್ತದೆ. ಈ ಎರಡರ ನಡುವೆ, ‘ಕಸ್ತೂರಿಯೋ, ಕಸ್ಟರ್ಡೋ?’ ಎಂದು ಕೇಳಬಹುದಾದ ವಿಶಾಲವಾದ ಬಯಲೊಂದಿದೆ. ಅಲ್ಲಿಗೆ ಅದು ಕಾಲಿಡುವುದು ಅಪರೂಪ. ಪದೇಪದೇ ಎದುರು ಪ್ರಶ್ನೆ ಹಾಕಿದರೆ ಕೊಂಡವರು ರೇಗುತ್ತಾರೆ ಎನ್ನುವುದು ಮಾಡಿದವರ ಭಯವಿರಬೇಕು.

ತಿರುಗಿ ಕೇಳುವುದನ್ನಷ್ಟೇ ಕಲಿತ ಯಂತ್ರವೂ ಒಂದಿತ್ತು. 1966ರಲ್ಲಿ ಎಂಐಟಿಯ ಜೋಸೆಫ್ ವೈಝೆನ್‌ಬಾಮ್ ಬರೆದ ‘ಎಲೈಜಾ’ ಎಂಬ ಪ್ರೋಗ್ರಾಂ. ಕಿವಿ ಇಲ್ಲ, ಬಾಯಿ ಇಲ್ಲ, ಟೈಪು ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೊಡುತ್ತಿತ್ತು. ನನಗೆ ಅಮ್ಮನ ಮೇಲೆ ಸಿಟ್ಟು ಎಂದರೆ ಅಮ್ಮನ ವಿಷಯ ಇನ್ನಷ್ಟು ಹೇಳಿ ಎನ್ನುವುದು. ಒಳಗೆ ತಿಳಿವಳಿಕೆಯ ಹನಿಯೂ ಇರಲಿಲ್ಲ. ಆದರೆ ವೈಝೆನ್‌ಬಾಮ್ ಅವರ ಸೆಕ್ರೆಟರಿಯೇ, ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದಾಕೆ, ನಾಲ್ಕು ಮಾತು ಟೈಪು ಮಾಡಿದ ಮೇಲೆ ದಯವಿಟ್ಟು ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಅವರನ್ನೇ ಕೇಳಿದಳಂತೆ. ನಂಬಿಕೆ ಹುಟ್ಟಲು ತಿಳಿವಳಿಕೆಯೇ ಬೇಕಿಲ್ಲ, ತಿರುಗಿ ಕೇಳಿದರೆ ಸಾಕಾಗುತ್ತದೆ ಎನ್ನುವುದು ವೈಝೆನ್‌ಬಾಮ್ ಅವರನ್ನು ಬದುಕಿನುದ್ದಕ್ಕೂ ಕಾಡಿತು.

ನಮ್ಮ ಪೆಟ್ಟಿಗೆ ಕರೆದಾಗ ಏಳದಿದ್ದರೂ ಕರೆಯದಾಗ ಚೆನ್ನಾಗಿ ಏಳುತ್ತದೆ. ಇಂಥವುಗಳ ಒಳಗೆ ಸದಾ ಎಚ್ಚರವಿರುವ ಸಣ್ಣದೊಂದು ಭಾಗ ಇರುತ್ತದೆ. ಅದು ಕೆಲವೇ ಕ್ಷಣಗಳ ಸದ್ದನ್ನು ಹಿಡಿದು, ತನ್ನ ಹೆಸರಿಗೆ ಹೋಲಿಸಿ, ಹೊಂದದಿದ್ದರೆ ಅಳಿಸುತ್ತಾ ಹೋಗುತ್ತದೆ; ಹೊಂದಿದರೆ ಮುಂದಿನ ಮಾತು ದೂರದ ಕಂಪ್ಯೂಟರಿಗೆ ಹೋಗುತ್ತದೆ. ಹೊಂದಿತು ಎನ್ನುವುದೂ ಸಂಭವವೇ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರೂ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರೂ 2020ರಲ್ಲಿ ಇಂಥ ಪೆಟ್ಟಿಗೆಗಳ ಮುಂದೆ ಟೀವಿ ಧಾರಾವಾಹಿಗಳನ್ನು ಗಂಟೆಗಟ್ಟಲೆ ಓಡಿಸಿ ನೋಡಿದರು. ಯಾರೂ ಕರೆಯದೆಯೇ ಅವು ದಿನಕ್ಕೆ 1.5ರಿಂದ 19 ಸಲದವರೆಗೆ ಎಚ್ಚೆತ್ತವು. ನಮ್ಮಲ್ಲಿ ಏಳೂವರೆಯ ಧಾರಾವಾಹಿಯ ಅತ್ತೆ ಪಾತ್ರ ಕಿರುಚಿದಾಗ ಇದು ಏಳುತ್ತದೆ. ಸೊಸೆ ಪಾತ್ರ ಉತ್ತರ ಕೊಡುವ ಮೊದಲೇ ಇದು ಉತ್ತರ ಕೊಡುತ್ತದೆ.

ನೆಂಟರು ಬಂದು ಹೆಣ್ಣು-ಗಂಡಿನ ಮಾತು, ಆಸ್ತಿ ಪಾಲಿನ ಮಾತು ಶುರುವಾದರೆ ಇವರು ಎದ್ದು ಹೋಗಿ ಪೆಟ್ಟಿಗೆಯ ಮೈಕಿನ ಬಟನ್ ಒತ್ತಿ ಕೆಂಪು ದೀಪ ಹತ್ತಿಸುತ್ತಾರೆ. ಕೆಂಪು ದೀಪ ಕಂಡರೆ ನಮ್ಮ ಮನೆಯಲ್ಲಿ ಗುಟ್ಟಿನ ಮಾತು ನಡೆದಿದೆ ಎಂದು ಕೇರಿಗೇ ಗೊತ್ತು. ಅಮೆಜಾನ್, ಗೂಗಲ್, ಆಪಲ್ ಮೂರೂ ಕಂಪನಿಗಳ ಧ್ವನಿಮುದ್ರಣಗಳಲ್ಲಿ ಒಂದಿಷ್ಟನ್ನು ಮನುಷ್ಯರೇ ಕೂತು ಕೇಳುತ್ತಿದ್ದರೆಂಬ ಸುದ್ದಿ 2019ರಲ್ಲಿ ಬಂದಿತ್ತು. ಯಂತ್ರ ಕೇಳಿಸಿಕೊಂಡದ್ದು ಸರಿಯೋ ಎಂದು ತಾಳೆ ನೋಡಲಂತೆ. ಇವರು ಅದನ್ನು ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಅತ್ತೆಗೆ ಮಾತ್ರ ಅಯ್ಯೋ ಎನ್ನಿಸಿತು. “ಪಾಪ, ಯಾರ ಮನೆ ಮಕ್ಕಳೋ. ದಿನಾ ಕೂತು ಬೇರೆಯವರ ಮನೆ ಜಗಳ ಕೇಳೂದೂ ಒಂದು ಕೆಲಸನಾ? ನಮ್ಮದಾದರೆ ಕನ್ನಡ ಬೇರೆ, ಎಂತ ತಿಳೀತದೆ ಅವಕ್ಕೆ.”

ತಿಳಿಯುವ ಕಾಲವೂ ಬರುತ್ತಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆಜಿಲ್ಲೆಗಳ ಜನರ ಮಾತನ್ನು ಮುದ್ರಿಸಿಕೊಳ್ಳುತ್ತಿದ್ದಾರೆ. ಪುಸ್ತಕ ಕೊಟ್ಟು ಓದಿಸುವುದಿಲ್ಲ. ಒಂದು ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ ಎನ್ನುತ್ತಾರೆ. ಒಳ್ಳೆಯ ಉಪಾಯ. ಅತ್ತೆಗೊಂದು ಬಾವಿಯ ಚಿತ್ರ ತೋರಿಸಿದರೆ ಅದರಲ್ಲಿ ಬಿದ್ದ ಕರು, ಕರು ಎತ್ತಲು ಇಳಿದ ಒಕ್ಕಲಿನವ, ಅವನ ಮಗಳ ಮದುವೆ, ಆ ಮದುವೆಯಲ್ಲಿ ಕೆಟ್ಟ ಸಾರು ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿಯಾರು. ಬಾವಿ ಎಂಬ ಶಬ್ದ ಬರುವುದು ಮಾತ್ರ ಅನುಮಾನ.

ಹೋದ ಭಾನುವಾರ ಮಗ ಫೋನು ಮಾಡಿದ್ದ. ಹೊಸ ಮಾದರಿ ಬಂದಿದೆಯಂತೆ. ಇದರ ಹಾಗೆ ದಡ್ಡ ಅಲ್ಲವಂತೆ. ಹಿಂದೆ ಆಡಿದ್ದನ್ನು ನೆನಪಿಟ್ಟುಕೊಳ್ಳುತ್ತದಂತೆ, ಗೊತ್ತಾಗದಿದ್ದರೆ ಹೀಗೋ ಹಾಗೋ ಎಂದು ತಿರುಗಿ ಕೇಳುತ್ತದಂತೆ. ನನಗೋ ಒಳಗೊಳಗೇ ಸಂತೋಷ, ನಾನು ಬಯಸಿದ್ದೇ ಅದು. ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಹೂಬತ್ತಿ ಹೊಸೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡು, “ಎದುರು ಮಾತಾಡ್ತದೆ ಅಂತಾಯ್ತು” ಎಂದರು.

“ಎದುರು ಮಾತಲ್ಲ ಅಜ್ಜಿ, ಸರಿಯಾಗಿ ತಿಳ್ಕೊಳ್ಳೋಕೆ ಕೇಳುತ್ತೆ.”

“ಎರಡೂ ಒಂದೇ ಮಗಾ. ಹಾಗಿದ್ದದ್ದು ಬೇಡ. ತಿರುಗಿ ಕೇಳೂದಕ್ಕೆ ಮನೆಯಲ್ಲಿ ನಿನ್ನ ಅಮ್ಮ ಇದ್ದಾಳಲ್ಲ, ಸಾಕು.”

ನಾನು ಬಾಯಿಬಿಡುವಷ್ಟರಲ್ಲಿ ಮಗ ಅಪ್ಪನನ್ನು ಕರೆದು, ಹಳೆಯದು ಕೊಟ್ಟರೆ ಇಷ್ಟು ಕಡಿಮೆಯಾಗುತ್ತದೆ, ಇವತ್ತೇ ಕೊನೆಯ ದಿನ, ಬುಕ್ ಮಾಡಲಾ ಎಂದು ಕೇಳಿದ. ಇವರು ಪೇಪರಿನ ಸುಡೋಕು ತುಂಬುತ್ತಿದ್ದರು.

“ಹ್ಞೂ” ಎಂದರು.

ಗುರುವಾರ ಬರುತ್ತದಂತೆ.